ಹೆಬ್ಬೆರಳಿಗೆ ಭಾರ ಒಪ್ಪಿಸುವುದು

ಕಾಲಿನ ಹೆಬ್ಬೆರಳ ಬುಡದಲ್ಲಿ ಏಳುವ ಗಂಟನ್ನು ಎಷ್ಟೋ ಜನ ಬೆಳೆದ ಮಾಂಸ ಅಂದುಕೊಂಡಿದ್ದಾರೆ. ಕೊಯ್ದು ತೆಗೆದರೆ ಮುಗಿಯಿತು, ಹೊಲಿಗೆ ಬಿಚ್ಚಿದ ಮೇಲೆ ಮೊದಲಿನಂತೆ ಓಡಾಡಬಹುದು ಎಂಬ ಲೆಕ್ಕ ಅವರದು. ಡಾಕ್ಟರುಗಳು ಬನಿಯನ್ ಎನ್ನುವ ಇದು ಗಡ್ಡೆಯಲ್ಲ. ಪಾದದೊಳಗಿನ ಉದ್ದ ಮೂಳೆ ನಿಧಾನವಾಗಿ ಒಳಬದಿಗೆ ಸರಿಯುತ್ತದೆ, ಹೆಬ್ಬೆರಳು ಪಕ್ಕದ ಬೆರಳಿನ ಕಡೆಗೆ ವಾಲುತ್ತದೆ. ಎರಡೂ ಸೇರುವ ಕೀಲು ಚಾಚಿಕೊಂಡು ಗಂಟಿನ ಹಾಗೆ ಕಾಣುತ್ತದೆ. ಆದ್ದರಿಂದ ಆಪರೇಷನ್ ಎಂದರೆ ಆ ಮೂಳೆಯನ್ನು ಕತ್ತರಿಸಿ, ಜರುಗಿಸಿ, ಸಣ್ಣ ಸ್ಕ್ರೂ ಹಾಕಿ ಕೂಡಿಸುವುದು. ನನ್ನ ಬಲಗಾಲಿನಲ್ಲಿ ಮೆಟಟಾರ್ಸಲ್ ಎಂಬ ಆ ಉದ್ದ ಮೂಳೆಯನ್ನು ಇಂಗ್ಲಿಷಿನ ಝಡ್ ಅಕ್ಷರದ ಆಕಾರದಲ್ಲಿ ಕತ್ತರಿಸಿದ್ದರು. ಸ್ಕಾರ್ಫ್ ಎಂಬ ವಿಧಾನವದು. ಹೆಬ್ಬೆರಳಿನ ಮೂಳೆಯಿಂದಲೂ ಒಂದು ಚೂರು ತೆಗೆದು ಅದನ್ನು ನೇರ ಮಾಡಿದ್ದರು.

ಅಮ್ಮನ ಎರಡೂ ಕಾಲಿನಲ್ಲಿ ಇಂಥ ಗಂಟಿತ್ತು. ನಾಗಮಂಗಲದ ಕಡೆಯ ಹಳ್ಳಿಯಲ್ಲಿ ಬರಿಗಾಲಲ್ಲೇ ಗದ್ದೆಗೆ ಹೋಗಿಬಂದು ಬೆಳೆದವಳು ಅವಳು. ನೋವು ಎಂದು ಒಂದು ದಿನವೂ ಹೇಳಲಿಲ್ಲ. ಹಾಂಗ್‌ಕಾಂಗಿನಲ್ಲಿ ನಡೆದು 1958ರಲ್ಲಿ ಪ್ರಕಟವಾದ ಒಂದು ಅಧ್ಯಯನವಿದೆ. ಶೂ ಹಾಕುವ ಚೀನೀಯರಲ್ಲಿ ಸುಮಾರು ಶೇ. 33 ಮಂದಿಗೆ ಹೆಬ್ಬೆರಳು ಸ್ವಲ್ಪವಾದರೂ ವಾಲಿತ್ತು, ಬರಿಗಾಲಲ್ಲೇ ಬದುಕಿದವರಲ್ಲಿ ಹಾಗೆ ಇದ್ದವರು ಶೇ. 2ರಷ್ಟು. ಅಮ್ಮ ಆ ಎರಡನೆಯ ಗುಂಪಿನ ಅಪರೂಪದವಳು. ಪಾದದ ಕಟ್ಟು ವಂಶದಿಂದ ಬರುತ್ತದೆ, ಚಪ್ಪಲಿ ಶೂಗಳು ಅದನ್ನು ಕೆಡಿಸುತ್ತವೆ. ಅವಳ ಗಂಟನ್ನು ಉಜ್ಜುವಂಥದ್ದು ಏನೂ ಇರಲಿಲ್ಲ. ನಾನು ಅದೇ ಪಾದವನ್ನು ಮುಂದೆ ಚೂಪಾದ ಚಪ್ಪಲಿಯಲ್ಲಿ ತುರುಕಿ, ಕಾಲೇಜಿನ ಹಲಗೆಯ ಮುಂದೆ ನಿಂತು ಪಾಠ ಮಾಡುತ್ತ ವಯಸ್ಸು ಕಳೆದೆ. ಕೊನೆಕೊನೆಗೆ ಎರಡನೇ ಬೆರಳಿನ ಬುಡದಡಿ ಆಣಿ ಬೆಳೆದು, ಮೈಸೂರಿನ ಕುಕ್ಕರಹಳ್ಳಿ ಕೆರೆಯ ಏರಿ ಮೇಲೆ ಅರ್ಧ ನಡೆಯುವಷ್ಟರಲ್ಲೇ ಕೂರಲು ಬೆಂಚು ಹುಡುಕುವ ಹಾಗಾಯಿತು. ರಾತ್ರಿ ಹೊದಿಕೆ ತಾಗಿದರೂ ಕೀಲು ಮಿಡಿಯುತ್ತಿತ್ತು. ಡಾಕ್ಟರ ಬಳಿ ಹೋದದ್ದು ಆಗಲೇ.

ಆಪರೇಷನ್ನಿಗೆ ಮುಂಚೆ ಬಿಚ್ಚಬೇಕಾದ ಕಾಲುಂಗುರದ ಬಗ್ಗೆ ಯಾರೂ ಬರೆಯುವುದಿಲ್ಲ. ನಮ್ಮ ಹೆಣ್ಣುಮಕ್ಕಳಿಗೆ ಅದು ಸಣ್ಣ ಮಾತಲ್ಲ. ಅತ್ತೆಗೆ ಕಸಿವಿಸಿಯಾಯಿತು. ‘ಬೆಳ್ಳಿ ತೆಗೆದ್ರೆ ಅರಿಶಿನದ ದಾರನಾದ್ರೂ ಕಟ್ಕೊ’ ಎಂದರು. ಆಸ್ಪತ್ರೆಯ ನರ್ಸ್ ಅವರ ಪಕ್ಕ ಕೂತು, ‘ಬೆರಳು ಎರಡರಷ್ಟು ಊದುತ್ತೆ ಅಜ್ಜಿ, ದಾರ ಇದ್ರೂ ರಕ್ತ ಓಡಲ್ಲ, ಬೆರಳಿಗೇ ಕುತ್ತು’ ಎಂದು ಸಮಾಧಾನವಾಗಿ ಹೇಳಿದಳು. ಅತ್ತೆ ಉಂಗುರಗಳನ್ನು ತಮ್ಮ ಸೆರಗಿನ ತುದಿಗೆ ಕಟ್ಟಿಕೊಂಡರು. ಆಪರೇಷನ್ನಿಗೆ ಒಂದು ವಾರ ಇರುವಾಗಲೇ ಸೋಪಿನ ನೀರು ಹಚ್ಚಿ ತೆಗೆದಿಡಿ ಎಂದು ನಾನು ಈಗ ಎಲ್ಲರಿಗೂ ಹೇಳುತ್ತೇನೆ. ವರ್ಷಗಳಿಂದ ಕಚ್ಚಿಕೊಂಡಿರುವ ಉಂಗುರ ಕೊನೆಯ ಗಳಿಗೆಯಲ್ಲಿ ಬರುವುದಿಲ್ಲ.

ಕಣಕಾಲಿನ ಕೆಳಗೆ ಮಾತ್ರ ಅರಿವಳಿಕೆ ಕೊಟ್ಟಿದ್ದರು. ಆಪರೇಷನ್ನಿನಲ್ಲಿ ಹೇಳುವಂಥದ್ದು ಏನೂ ಇಲ್ಲ. ಕಷ್ಟ ಶುರುವಾಗುವುದು ಆಮೇಲೆ, ಕಾಲನ್ನು ಕೆಳಗೆ ಇಳಿಬಿಟ್ಟಾಗ. ಮಲಗಿ ಪಾದವನ್ನು ಎದೆಯ ಮಟ್ಟಕ್ಕಿಂತ ಮೇಲೆ, ದಿಂಬುಗಳ ಮೇಲೆ ಇಟ್ಟುಕೊಂಡಷ್ಟು ಹೊತ್ತು ಹಾಯಾಗಿರುತ್ತದೆ. ಬಚ್ಚಲಿಗೆ ಹೋಗಲು ಎದ್ದರೆ ರಕ್ತವೆಲ್ಲ ಪಾದಕ್ಕೆ ನುಗ್ಗಿ, ಬೆರಳುಗಳು ನೇರಳೆ ಬಣ್ಣಕ್ಕೆ ತಿರುಗಿ, ಬ್ಯಾಂಡೇಜು ಬಿರಿಯುವಂತೆ ಬಡಿದುಕೊಳ್ಳುತ್ತದೆ. ಮೊದಲೇ ಹೇಳಿರದಿದ್ದರೆ ಯಾರಾದರೂ ಹೆದರಿಬಿಡುತ್ತಾರೆ. ಕಾಲು ಮೇಲಿಟ್ಟರೆ ಬಣ್ಣ ಮರಳುತ್ತದೆ, ಬಡಿತ ಇಳಿಯುತ್ತದೆ. ಬದಲಿಗೆ ಮೀನಖಂಡ ಊದಿ ನೋಯತೊಡಗಿದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು, ರಕ್ತ ಹೆಪ್ಪುಗಟ್ಟಿರಬಹುದು. ಹಾಗಾಗದಿರಲೆಂದೇ ಮಲಗಿದಲ್ಲೇ ಪಾದವನ್ನು ಮೇಲೆ ಕೆಳಗೆ ಆಡಿಸುತ್ತಿರಲು ಹೇಳುತ್ತಾರೆ.

ಮೊದಲ ಆರು ವಾರ ಹಿಮ್ಮಡಿಯ ಮೇಲೆ ಮಾತ್ರ ನಡಿಗೆ. ಮುಂಗಾಲು ನೆಲಕ್ಕೆ ಒತ್ತದಂಥ ಶೂ ಕೊಡುತ್ತಾರೆ, ಅದರ ಅಟ್ಟೆ ದಪ್ಪ. ಒಂದು ಕಾಲು ಎತ್ತರವಾಗಿ ನಡೆದರೆ ಕೆಲವೇ ದಿನದಲ್ಲಿ ಸೊಂಟ ಹಿಡಿದುಕೊಳ್ಳುತ್ತದೆ. ಇನ್ನೊಂದು ಕಾಲಿಗೂ ಅಷ್ಟೇ ದಪ್ಪದ ಚಪ್ಪಲಿ ಹುಡುಕಿ ಹಾಕಿಕೊಂಡರೆ ಅರ್ಧ ತೊಂದರೆ ತಪ್ಪುತ್ತದೆ. ಮನೆಯೊಳಗೆ, ಅಡುಗೆಮನೆಯಲ್ಲೂ ಶೂ ಹಾಕಿಕೊಂಡೇ ಇರಬೇಕು. ಹೊರಗೆ ಮೆಟ್ಟದ ಹೊಸ ಶೂ ಅದು ಎಂದು ತಿಳಿದ ಮೇಲೆ ನಮ್ಮ ಮನೆಯಲ್ಲಿ ಯಾರೂ ಮಾತಾಡಲಿಲ್ಲ. ಕುಕ್ಕರಗಾಲಲ್ಲಿ ಕೂರುವ ಪಾಯಖಾನೆ ಮಾತ್ರ ಸಾಧ್ಯವೇ ಇಲ್ಲ. ಹಾಗೆ ಕೂತು ಏಳುವಾಗ ಮೈಯ ಭಾರವೆಲ್ಲ ಮುಂಗಾಲಿಗೆ ನುಗ್ಗುತ್ತದೆ. ಕಮೋಡ್ ಇಲ್ಲದವರು ಆಪರೇಷನ್ನಿಗೆ ದಿನ ಗೊತ್ತುಮಾಡುವ ಮೊದಲೇ ನಡುವೆ ತೂತಿರುವ ಕುರ್ಚಿಯನ್ನು ಮೆಡಿಕಲ್ ಅಂಗಡಿಯಿಂದ ತಂದಿಟ್ಟುಕೊಳ್ಳಬೇಕು. ಸ್ನಾನಕ್ಕೆ ಒಂದು ಪ್ಲಾಸ್ಟಿಕ್ ಸ್ಟೂಲು, ಕಾಲಿಗೆ ಕಟ್ಟಲು ಒಂದು ಕವರು.

ಆಮೇಲೆ ಡಾಕ್ಟರು ಎಕ್ಸ್‌ರೇ ನೋಡಿ ‘ಮೂಳೆ ಕೂಡಿದೆ, ಇನ್ನು ನಡೀಬಹುದು’ ಎಂದರು. ಮನೆಯವರೆಲ್ಲ ಮುಗಿಯಿತು ಎಂದುಕೊಂಡರು. ನನ್ನ ಅನುಭವದಲ್ಲಿ ಬಹುಮುಖ್ಯ ಕೆಲಸ ಶುರುವಾದದ್ದು ಅಲ್ಲಿಂದ.

ಫಿಸಿಯೋಥೆರಪಿಸ್ಟ್ ನನ್ನ ಮಗಳ ವಯಸ್ಸಿನವಳು. ಮೊದಲ ದಿನ ಏನೂ ವ್ಯಾಯಾಮ ಮಾಡಿಸಲಿಲ್ಲ. ಪಾದಗಳನ್ನು ಒದ್ದೆ ಬಟ್ಟೆಯಿಂದ ಒರೆಸಿ, ನಮ್ಮ ಹಳೇ ಮನೆಯ ರೆಡ್ ಆಕ್ಸೈಡ್ ನೆಲದ ಮೇಲೆ ಕೈಹಿಡಿದು ನಡೆಸಿದಳು. ‘ಮೇಡಮ್, ಹಿಂದೆ ತಿರುಗಿ ನೋಡಿ’ ಎಂದಳು. ಎಡಗಾಲಿನ ಗುರುತು ಪೂರ್ತಿ ಮೂಡಿತ್ತು. ಬಲಗಾಲಿನದರಲ್ಲಿ ಹಿಮ್ಮಡಿ, ಹೊರ ಅಂಚು, ಕಿರುಬೆರಳು ಇದ್ದವು. ಹೆಬ್ಬೆರಳೇ ಇರಲಿಲ್ಲ.

ನಡಿಗೆಯ ಲೆಕ್ಕವನ್ನು ಅವಳು ಆಗ ಬಿಡಿಸಿ ಹೇಳಿದಳು. ಹೆಜ್ಜೆ ಇಡುವಾಗ ಹಿಮ್ಮಡಿ ಮೊದಲು ನೆಲ ಮುಟ್ಟುತ್ತದೆ. ಭಾರ ಪಾದದ ಹೊರ ಅಂಚಿನಲ್ಲಿ ಮುಂದೆ ಸರಿದು, ಮುಂಗಾಲಿನಲ್ಲಿ ಅಡ್ಡಕ್ಕೆ ಹರಿದು, ಕೊನೆಗೆ ಹೆಬ್ಬೆರಳಿಗೆ ಬರುತ್ತದೆ. ಅದು ಬಾಗಿ, ನೆಲವನ್ನು ಹಿಂದಕ್ಕೆ ಒತ್ತಿ, ಮೈಯನ್ನು ಮುಂದಕ್ಕೆ ತಳ್ಳುತ್ತದೆ. ವರ್ಷಗಟ್ಟಲೆ ನೋವು ಉಂಡ ಪಾದ ಈ ಕೊನೆಯ ಕೆಲಸವನ್ನು ಬಿಟ್ಟುಬಿಟ್ಟಿರುತ್ತದೆ. ಬಿಸಿ ಹೆಂಚು ಮುಟ್ಟಿದ ಮಗು ಒಲೆ ಆರಿದ ಮೇಲೂ ಕೈ ಹಿಂದೆಳೆದುಕೊಳ್ಳುವಂತೆ, ಮೂಳೆ ನೇರವಾದ ಮೇಲೂ ಪಾದ ಹೊರ ಅಂಚಿನಲ್ಲೇ ದಾಟುತ್ತದೆ. ಹಾಗೇ ಬಿಟ್ಟರೆ ಮುಂಗಾಲಿನ ಬೇರೆ ಮೂಳೆಗಳ ಮೇಲೆ ಭಾರ ಬಿದ್ದು ಹೊಸ ನೋವು, ಆಮೇಲೆ ಮೊಣಕಾಲು.

ವ್ಯಾಯಾಮಗಳು ನೋಡಲು ಬಹಳ ಸಾಮಾನ್ಯ. ಹೆಬ್ಬೆರಳನ್ನು ಬುಡದಲ್ಲಿ ಹಿಡಿದು ಮೇಲಕ್ಕೂ ಕೆಳಕ್ಕೂ ನಿಧಾನವಾಗಿ ಬಾಗಿಸುವುದು. ನೆಲದ ಮೇಲಿನ ಟವೆಲನ್ನು ಬೆರಳುಗಳಿಂದ ಎಳೆದುಕೊಳ್ಳುವುದು. ಗೋಡೆ ಹಿಡಿದು ಹಿಮ್ಮಡಿ ಎತ್ತಿ, ಭಾರವನ್ನು ಹೆಬ್ಬೆರಳಿಗೆ ತಂದು ನಿಲ್ಲುವುದು. ಗಾಯದ ಕಲೆಗೆ ಕೊಬ್ಬರಿ ಎಣ್ಣೆ ಹಚ್ಚಿ ತೀಡುವುದು, ಇಲ್ಲದಿದ್ದರೆ ಚರ್ಮ ಒಳಗೆ ಅಂಟಿಕೊಂಡು ಬೆರಳನ್ನು ಹಿಡಿಯುತ್ತದೆ. ನೋವಿಗಿಂತ ಅಪನಂಬಿಕೆ ದೊಡ್ಡದು. ಮನಸ್ಸು ಒಪ್ಪಿದರೂ ಪಾದ ಒಪ್ಪುವುದಿಲ್ಲ. ಬೇಗ ನಡೆದಾಗ ಪಾದ ಹಳೆಯ ದಾರಿಗೇ ಹೋಗುತ್ತಿತ್ತು, ನಿಧಾನವಾಗಿ, ಚಿಕ್ಕ ಹೆಜ್ಜೆಗಳಲ್ಲಿ ನಡೆದಾಗ ಮಾತ್ರ ಕಲಿಯುತ್ತಿತ್ತು. ಆದ್ದರಿಂದ ಎಷ್ಟು ದೂರ ನಡೆದೆ ಎಂದು ಮೊಬೈಲಿನಲ್ಲಿ ನೋಡುವುದನ್ನು ನಿಲ್ಲಿಸಿ, ಒದ್ದೆ ಪಾದದ ಗುರುತು ನೋಡತೊಡಗಿದೆ. ಮೊದಲು ಹೆಬ್ಬೆರಳಿನ ತುದಿಯಷ್ಟೇ ಒಂದು ಚುಕ್ಕಿ ಬಂತು. ಅದನ್ನು ನೋಡಿದ ದಿನ ನನಗಾದ ಸಂತೋಷ ಎಕ್ಸ್‌ರೇ ನೋಡಿದಾಗಲೂ ಆಗಿರಲಿಲ್ಲ.

ಊತ ತಿಂಗಳುಗಟ್ಟಲೆ ಇರುತ್ತದೆ. ಸಂಜೆಗೆ ಜಾಸ್ತಿ. ಹಾಗಾಗಿ ಶೂ ಕೊಳ್ಳುವುದು ಸಂಜೆಯೇ. ಕಾಗದದ ಮೇಲೆ ನಿಂತು ಪಾದದ ಸುತ್ತ ಪೆನ್ಸಿಲಿನಿಂದ ಗೆರೆ ಎಳೆದು, ಆ ಕಾಗದದ ಮೇಲೆ ಶೂ ಇಟ್ಟು ನೋಡಿ. ಗೆರೆ ಹೊರಗೆ ಉಳಿದರೆ ಆ ಶೂ ನಿಮ್ಮದಲ್ಲ. ಹೆಬ್ಬೆರಳಿನ ಒಳಬದಿಯ ಚರ್ಮಕ್ಕೆ ನನಗೆ ಈಗಲೂ ಪೂರ್ತಿ ಸ್ಪರ್ಶ ಬಂದಿಲ್ಲ, ಅಲ್ಲಿ ಹಾಯುವ ಸಣ್ಣ ನರಕ್ಕೆ ಪೆಟ್ಟಾಗುವುದುಂಟು. ಉಂಗುಷ್ಠದ ಚಪ್ಪಲಿ ಹಾಕಿದರೆ ಉಜ್ಜಿ ಗಾಯವಾದರೂ ತಿಳಿಯುವುದಿಲ್ಲ, ಅದನ್ನು ಬಿಟ್ಟಿದ್ದೇನೆ. ಕೆರೆ ಏರಿಯನ್ನು ಪೂರ್ತಿ ಸುತ್ತುತ್ತೇನೆ. ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತುವುದೂ ಆಗಿದೆ. ಇಳಿಯುವಾಗ ಹಿಂದಿನ ಕಾಲಿನ ಹೆಬ್ಬೆರಳು ಬಹಳ ಬಾಗಬೇಕು. ನನ್ನದು ಅಷ್ಟು ಬಾಗುವುದಿಲ್ಲ, ಕೆಳಗೆ ಬಸ್ಸಿನಲ್ಲಿ ಬರುತ್ತೇನೆ.

ಎಡಗಾಲಿನಲ್ಲೂ ಗಂಟಿದೆ. ‘ಅದನ್ನೂ ಮಾಡಿಸ್ಬಿಡಕ್ಕ, ಎರಡೂ ಒಂದೇ ಥರ ಕಾಣುತ್ತೆ’ ಎಂದು ತಂಗಿ ಹೇಳುತ್ತಿರುತ್ತಾಳೆ. ಕಾಣುವುದಕ್ಕಾಗಿ ಮೂಳೆ ಕತ್ತರಿಸಿಕೊಳ್ಳಬಾರದು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ನನ್ನ ಡಾಕ್ಟರೂ ಅದನ್ನೇ ಹೇಳಿದರು. ಅದು ನೋಯುತ್ತಿಲ್ಲ, ಅದರ ಹೆಬ್ಬೆರಳು ಇನ್ನೂ ನೆಲ ಒತ್ತುತ್ತದೆ. ಅಗಲ ಮುಂಭಾಗದ ಶೂ ಹಾಕಿಸಿ, ಬಲಗಾಲಿಗೆ ಮಾಡಿಸುವ ವ್ಯಾಯಾಮವನ್ನೇ ಅದಕ್ಕೂ ಮಾಡಿಸುತ್ತಿದ್ದೇನೆ. ನೋವು ಬಂದು ನಡಿಗೆ ಕುಗ್ಗಿದರೆ ಆಗ ಮತ್ತೆ ಡಾಕ್ಟರನ್ನು ಕಾಣುವುದು.