ಹಾವುಮೀನು ತಿಂದರೆ ರಕ್ತ ಹೆಚ್ಚುವುದೇ?

ಮುಂಗಾರಿನ ಮೊದಲ ದೊಡ್ಡ ಮಳೆ ಬಿದ್ದು ಹಳ್ಳಗಳಲ್ಲಿ ಕೆಂಪು ನೀರು ಬಂತೆಂದರೆ ಬಾಳೂರು, ಕೊಟ್ಟಿಗೆಹಾರ, ಕಳಸದ ಕಡೆಯ ಗದ್ದೆ ಬಯಲುಗಳಲ್ಲಿ ಹತ್ತುಮೀನಿನ ಸಂಭ್ರಮ. ಗದ್ದೆಯ ಕಂಡಿಗೆ ಕೂಣಿ ಇಟ್ಟವರಿಗೆ ಬೆಳಗ್ಗೆ ಸಿಗುವ ಮೀನುಗಳ ನಡುವೆ ಒಮ್ಮೊಮ್ಮೆ ಉದ್ದನೆಯ, ಲೋಳೆಲೋಳೆಯಾದ, ಹಾವಿನಂತೆ ಹೊರಳಾಡುವ ಜೀವಿಯೊಂದು ಇರುತ್ತದೆ. ಅದನ್ನು ಕಂಡು ಹೌಹಾರಿ ಆಚೆ ಎಸೆಯುವವರಿದ್ದಾರೆ. ಬಾಣಂತಿಗೆ, ರಕ್ತ ಕಡಿಮೆಯಾದವರಿಗೆ ಇದು ಬಲು ಪುಷ್ಟಿ ಎಂದು ತೆಗೆದಿಡುವವರೂ ಇದ್ದಾರೆ. ಹೌಹಾರಬೇಕಾದ ಅಗತ್ಯವೂ ಇಲ್ಲ, ಔಷಧಿಯೆಂದು ನಂಬಬೇಕಾದ ಅಗತ್ಯವೂ ಇಲ್ಲ. ಏಕೆಂಬುದನ್ನು ನೋಡೋಣ.

ಹಾವುಮೀನು ಎಂದು ನಾವು ಕರೆಯುವುದೆಲ್ಲ ಒಂದೇ ಮೀನಲ್ಲ. ನಿಜವಾದ ಹಾವುಮೀನಿನ ಜೀವನ ವಿಚಿತ್ರವಾದುದು. ಅದು ಹುಟ್ಟುವುದು ಸಮುದ್ರದಲ್ಲಿ. ಮರಿಗಳು ನದೀಮುಖದಿಂದ ಮೇಲೇರಿ ಘಟ್ಟದ ಹೊಳೆಗಳಲ್ಲಿ ವರ್ಷಗಟ್ಟಲೆ ಬೆಳೆದು, ಕೊನೆಗೆ ಮೊಟ್ಟೆಯಿಡಲು ಮತ್ತೆ ಸಮುದ್ರಕ್ಕೇ ಇಳಿಯುತ್ತವೆ. ಹೊಳೆಯಲ್ಲಿ ಹಿಡಿದ ಮೀನಿನ ಹೊಟ್ಟೆಯಲ್ಲಿ ಮೊಟ್ಟೆ ಕಾಣದೆ ಗ್ರೀಸಿನ ಅರಿಸ್ಟಾಟಲ್ ಇವು ಕೆಸರಿನಲ್ಲಿ ತಾವಾಗಿಯೇ ಹುಟ್ಟುತ್ತವೆಂದು ಬರೆದ. ಮನೋವೈದ್ಯನಾಗಿ ಮುಂದೆ ಹೆಸರಾದ ಸಿಗ್ಮಂಡ್ ಫ್ರಾಯ್ಡ್ ವಿದ್ಯಾರ್ಥಿಯಾಗಿದ್ದಾಗ, 1876ರಲ್ಲಿ, ಗಂಡು ಹಾವುಮೀನಿನ ವೃಷಣ ಹುಡುಕುತ್ತ ಸುಮಾರು 400 ಮೀನುಗಳನ್ನು ಕೊಯ್ದಿದ್ದ. ಯೂರೋಪಿನ ಹಾವುಮೀನು ಅಟ್ಲಾಂಟಿಕ್ ಸಾಗರದ ಸರ್ಗಾಸೊ ಸಮುದ್ರದಲ್ಲಿ ಹುಟ್ಟುತ್ತದೆಂದು ಡೆನ್ಮಾರ್ಕಿನ ಯೊಹಾನ್ನೆಸ್ ಸ್ಮಿತ್ ತೋರಿಸಿಕೊಟ್ಟಾಗ 1922 ಆಗಿತ್ತು.

ನಮ್ಮ ಕಡೆ ಈ ಜಾತಿಯ ಮೀನು ಪಶ್ಚಿಮಕ್ಕೆ ಹರಿಯುವ ನೇತ್ರಾವತಿಯಂಥ ಹೊಳೆಗಳಲ್ಲಿದೆ. ಆದರೆ ಬಾಳೂರಿಗೆ ಸಮೀಪದ ಜಾವಳಿಯಲ್ಲಿ ಹುಟ್ಟುವ ಹೇಮಾವತಿ ಹರಿಯುವುದು ಪೂರ್ವಕ್ಕೆ. ಬಂಗಾಳ ಕೊಲ್ಲಿಯಿಂದ ಒಂದು ಮರಿ ಇಲ್ಲಿಗೆ ಬರಬೇಕಾದರೆ ಮೆಟ್ಟೂರು, ಕನ್ನಂಬಾಡಿ, ಗೊರೂರು ಅಣೆಕಟ್ಟುಗಳನ್ನು ದಾಟಬೇಕು. ಹೀಗಾಗಿ ಇಲ್ಲಿನ ಗದ್ದೆ, ಹಳ್ಳಗಳಲ್ಲಿ ಆ ಹೆಸರಿನಿಂದ ಸಿಗುವುದು ಹೆಚ್ಚಾಗಿ ಬೇರೆ ಮೀನುಗಳೇ. ಬೆನ್ನ ಮೇಲೆ ಸಾಲು ಮುಳ್ಳಿರುವ, ಮೂತಿ ಚೂಪಾದ ಮೀನು ಒಂದು. ಕೆಸರಿನ ಬಿಲದಲ್ಲಿರುವ, ಎದೆಯ ರೆಕ್ಕೆಯಿಲ್ಲದ ಮೀನು ಇನ್ನೊಂದು. ಇವೆರಡೂ ತಿನ್ನಬಹುದಾದ ಮೀನುಗಳೇ. ತೋಟದ ಒದ್ದೆ ಮಣ್ಣು ಅಗೆದಾಗ ಎರೆಹುಳುವಿನಂತೆ ಮೈಯೆಲ್ಲ ಉಂಗುರವಿರುವ ಪ್ರಾಣಿ ಸಿಕ್ಕರೆ ಅದು ಮೀನೂ ಅಲ್ಲ, ಹಾವೂ ಅಲ್ಲ. ಕಾಲಿಲ್ಲದ, ಕಪ್ಪೆಯ ಬಳಗದ ನಿರಪಾಯ ಜೀವಿ. ಅದನ್ನು ಅದರ ಪಾಡಿಗೆ ಬಿಟ್ಟುಬಿಡಿ.

ರಕ್ತದ ಲೆಕ್ಕ

ಈಗ ಪುಷ್ಟಿಯ ವಿಷಯ. ಅಮೆರಿಕದ ಕೃಷಿ ಇಲಾಖೆಯ ಆಹಾರ ಕೋಷ್ಟಕದ ಪ್ರಕಾರ 100 ಗ್ರಾಂ ಹಸಿ ಹಾವುಮೀನಿನಲ್ಲಿ ಸುಮಾರು 18 ಗ್ರಾಂ ಪ್ರೋಟೀನ್, ಸುಮಾರು 12 ಗ್ರಾಂ ಕೊಬ್ಬು, 184 ಕ್ಯಾಲರಿ ಇವೆ. ಎ ಜೀವಸತ್ವ 1000 ಮೈಕ್ರೋಗ್ರಾಂಗಿಂತ ಹೆಚ್ಚಿದೆ. ವಯಸ್ಕರ ಒಂದು ದಿನದ ಅಗತ್ಯ ಅಷ್ಟರಲ್ಲೇ ತೀರುತ್ತದೆ. ಡಿ ಜೀವಸತ್ವವೂ ಧಾರಾಳ. ಇವು ಸಮುದ್ರಕ್ಕೆ ಹೋಗಿಬರುವ ಜಾತಿಯ ಅಂಕಿಗಳು. ಗದ್ದೆಯ ಮೀನಿನಲ್ಲಿ ಕೊಬ್ಬು ಕಡಿಮೆ. ಆಹಾರವಾಗಿ ಒಳ್ಳೆಯದೇ, ಸಂದೇಹವಿಲ್ಲ. ಆದರೆ ಅದೇ ಕೋಷ್ಟಕದಲ್ಲಿ ಕಬ್ಬಿಣದ ಅಂಶವೆಷ್ಟು ಗೊತ್ತೇ? ಅರ್ಧ ಮಿಲಿಗ್ರಾಂ. ಗರ್ಭಿಣಿಗೆ ದಿನಕ್ಕೆ ಬೇಕಾದುದು 27 ಮಿಲಿಗ್ರಾಂ! ರಕ್ತ ಹೆಚ್ಚಿಸುವ ಮೀನೆಂಬ ಹೆಸರಿಗೂ ಈ ಅಂಕಿಗೂ ತಾಳೆಯಾಗುವುದಿಲ್ಲ.

ನಂಬಿಕೆ ಅಡುಗೆಗೆ ಮಾತ್ರ ಸೀಮಿತವಾಗಿದ್ದರೆ ಚಿಂತೆಯಿರಲಿಲ್ಲ. ಈಶಾನ್ಯ ಭಾರತದ ಕೆಲವೆಡೆ ರಕ್ತಹೀನತೆಗೆಂದು ಕೆಸರಿನ ಹಾವುಮೀನಿನ ಹಸಿ ರಕ್ತವನ್ನೇ ಕುಡಿಯುವ ರೂಢಿಯಿದೆ. ನಿಮಗೂ ಯಾರಾದರೂ ಇಂಥ ಸಲಹೆ ಕೊಟ್ಟರೆ ದಯವಿಟ್ಟು ಕೇಳಬೇಡಿ. ನಿಜವಾದ ಹಾವುಮೀನಿನ ಹಸಿ ರಕ್ತದಲ್ಲಿ ವಿಷವಿದೆಯೆಂದು ಇಟಲಿಯ ಆಂಜೆಲೊ ಮೊಸ್ಸೊ 1888ರಲ್ಲೇ ಪ್ರಯೋಗದಿಂದ ತೋರಿಸಿದ್ದಾನೆ. ಕೊಯ್ಯುವಾಗ ಕಣ್ಣಿಗೆ ಸಿಡಿದರೂ ಕಣ್ಣು ಕೆಂಪಾಗಿ ವಿಪರೀತ ಉರಿಯುತ್ತದೆ. ಕೂಡಲೇ ಹೆಚ್ಚು ನೀರಿನಲ್ಲಿ ತೊಳೆಯಬೇಕು. ಕೆಸರಿನ ಮೀನಿನಲ್ಲಿ ಬೇರೊಂದು ಅಪಾಯವಿದೆ. ಅದರ ಮಾಂಸದಲ್ಲಿ ನ್ಯಾಥೊಸ್ಟೋಮ ಎಂಬ ಹುಳುವಿನ ಮರಿ ಇರಬಹುದು. ಥಾಯ್ಲೆಂಡಿನಲ್ಲಿ ಈ ರೋಗ ಪರಿಚಿತ, ಭಾರತದಲ್ಲೂ ಪ್ರಕರಣಗಳು ವರದಿಯಾಗಿವೆ. ಹೊಟ್ಟೆ ಸೇರಿದ ಹುಳು ಚರ್ಮದಡಿಯಲ್ಲಿ ಓಡಾಡಿ ಇಂದು ಇಲ್ಲಿ, ನಾಳೆ ಅಲ್ಲಿ ಬಾವು ತರುತ್ತದೆ. ಅಪರೂಪಕ್ಕೆ ಕಣ್ಣಿಗೂ ಮಿದುಳಿಗೂ ಹೋಗುವುದುಂಟು. ನಿಂಬೆರಸದಲ್ಲಿ ನೆನೆಸಿದರೆ ಹುಳು ಸಾಯುವುದಿಲ್ಲ.

ಚೆನ್ನಾಗಿ ಬೇಯಿಸಿದರೆ ಈ ವಿಷವೂ ಇಲ್ಲ, ಹುಳುವೂ ಇಲ್ಲ. ಜಪಾನಿನವರನ್ನೇ ನೋಡಿ. ಬೇಸಿಗೆಯಲ್ಲಿ ಸೊರಗಿದ ಗೆಳೆಯನಿಗೆ ಹಾವುಮೀನು ಹಿಡಿದು ತಿನ್ನೆಂದು ತಮಾಷೆಯಾಗಿ ಹೇಳುವ ಕವಿತೆ ಅವರ ಎಂಟನೆಯ ಶತಮಾನದ ಸಂಕಲನದಲ್ಲೇ ಇದೆ. ಬೇರೆ ಮೀನನ್ನು ಹಸಿಯಾಗಿಯೇ ತಿನ್ನುವ ಆ ಜನ ಹಾವುಮೀನನ್ನು ಮಾತ್ರ ಕೆಂಡದ ಮೇಲೆ ಸುಟ್ಟು ತಿನ್ನುತ್ತಾರೆ. ನಮ್ಮ ಮನೆಗಳಲ್ಲಿ ಒಲೆಬೂದಿ ಹಚ್ಚಿ ಲೋಳೆ ತಿಕ್ಕಿ ತೆಗೆದು, ತುಂಡು ಮಾಡಿ, ಹುಳಿ ಖಾರ ಹಾಕಿ ಕುದಿಸುವ ಸಾರು ಕಡುಬಿಗೂ ಅಕ್ಕಿ ರೊಟ್ಟಿಗೂ ಸೊಗಸು. ಆರೋಗ್ಯಕ್ಕೂ ಆ ಕ್ರಮವೇ ಸರಿ. ದಪ್ಪ ತುಂಡಿನ ನಡುಭಾಗ ಬೆಂದು ಮುಳ್ಳಿನಿಂದ ಮಾಂಸ ಸಲೀಸಾಗಿ ಬಿಡಬೇಕು. ಕೊಲೆಸ್ಟರಾಲ್ ಇರುವವರು ಎಣ್ಣೆಯಲ್ಲಿ ಕರಿದುದಕ್ಕಿಂತ ಸಾರೇ ತಿನ್ನಲಿ. ಕೀಟನಾಶಕವನ್ನೋ ಬ್ಲೀಚಿಂಗ್ ಪೌಡರನ್ನೋ ಹಳ್ಳಕ್ಕೆ ಸುರಿದು ಹಿಡಿದ ಮೀನಾದರೆ, ಯಾರು ಕೊಟ್ಟರೂ ಬೇಡವೆನ್ನಿ. ಬೇಯಿಸಿದರೆ ಹುಳು ಸಾಯುತ್ತದೆ, ಕೀಟನಾಶಕ ಹೋಗುವುದಿಲ್ಲ.

ಹಾಗಾದರೆ ರಕ್ತ ಹೆಚ್ಚಲು ಏನು ಮಾಡಬೇಕು? ಮೊದಲು ಆಸ್ಪತ್ರೆಯಲ್ಲಿ ಹಿಮೋಗ್ಲೋಬಿನ್ ಪರೀಕ್ಷಿಸಿಕೊಳ್ಳಿ. ಗರ್ಭಿಣಿಯರಿಗೆ ಸರ್ಕಾರ ಉಚಿತವಾಗಿ ಕೊಡುವ ಮಾತ್ರೆಯಲ್ಲಿ 60 ಮಿಲಿಗ್ರಾಂ ಕಬ್ಬಿಣವಿದೆ. ನಾಲ್ಕನೆಯ ತಿಂಗಳಿನಿಂದ 180 ದಿನ ತಪ್ಪದೆ ನುಂಗಬೇಕು. ಮಲ ಕಪ್ಪಾಯಿತೆಂದು ಹೆದರಿ ಮಧ್ಯದಲ್ಲಿ ಬಿಡುವವರಿದ್ದಾರೆ. ಅದು ಕಬ್ಬಿಣದ ಬಣ್ಣ ಅಷ್ಟೆ. ಇನ್ನೊಂದು ಮಾತು, ಕಾಫಿ ಸೀಮೆಯವರಿಗೆ ಹೇಳುವುದು ಕಷ್ಟವೇ: ಊಟದ ಜೊತೆಗೇ ಕುಡಿಯುವ ಕಾಫಿ, ಚಹಾ ಕಬ್ಬಿಣವನ್ನು ದೇಹ ಹೀರದಂತೆ ತಡೆಯುತ್ತವೆ. ಊಟಕ್ಕೂ ಮಾತ್ರೆಗೂ ಒಂದೆರಡು ಗಂಟೆ ದೂರವಿಟ್ಟು ಕುಡಿಯಿರಿ. ತೋಟ, ಗದ್ದೆಗಳಲ್ಲಿ ಬರಿಗಾಲಲ್ಲಿ ದುಡಿಯುವವರ ರಕ್ತ ಕರಗಿಸುವ ದೊಡ್ಡ ಕಳ್ಳ ಕೊಕ್ಕೆಹುಳು. ಮಣ್ಣಿನಿಂದ ಪಾದದ ಚರ್ಮ ಕೊರೆದು ಒಳಹೊಕ್ಕು ಕರುಳು ಸೇರಿ ದಿನವೂ ರಕ್ತ ಹೀರುತ್ತದೆ. ಇದಕ್ಕೆ ಚಪ್ಪಲಿ, ಶೌಚಾಲಯ ಮತ್ತು ವೈದ್ಯರು ಕೊಡುವ ಹುಳುವಿನ ಮಾತ್ರೆಯೇ ಮದ್ದು. ಈ ಹುಳುವನ್ನು ಹೊಟ್ಟೆಯಲ್ಲಿ ಇಟ್ಟುಕೊಂಡು ಎಷ್ಟು ಮೀನು ತಿಂದರೇನು?

ಬಿಲಕ್ಕೆ ಕೈ ಹಾಕುವ ಮುನ್ನ

ಗದ್ದೆ ಬದುವಿನ ಬಿಲಕ್ಕೆ ಬರಿಗೈ ಹಾಕಿ ಮೀನು ತಡಕುವ ಅಭ್ಯಾಸ ಕೆಲವರಿಗಿದೆ. ಅದೇ ಬಿಲದಲ್ಲಿ ನಾಗರಹಾವೂ ಇರಬಹುದು, ಏಡಿಗೆಂದು ಬಂದ ನೀರುಹಾವೂ ಇರಬಹುದು. ಬೆಳಕಿನಲ್ಲಿ ಕಂಡರೆ ಗುರುತು ಸುಲಭ: ಹಾವಿನ ಮೈಮೇಲೆ ಒಣ ಹುರುಪೆಗಳು, ಮೀನಿನ ಮೈಮೇಲೆ ಲೋಳೆ ಮತ್ತು ತಲೆಯ ಹಿಂದೆ ಕಿವಿರಿನ ಸೀಳು. ಕತ್ತಲಲ್ಲಿ, ಕೆಸರಿನಲ್ಲಿ ಈ ಗುರುತು ನಡೆಯದು. ಕಚ್ಚಿದ್ದು ಮೀನೋ ಹಾವೋ ಎಂಬ ಸಂದೇಹವಿದ್ದರೆ ಹಾವೆಂದೇ ತಿಳಿಯಿರಿ. ಗಾಯವನ್ನು ಕೊಯ್ಯದೆ, ಬಿಗಿಯಾಗಿ ಕಟ್ಟದೆ, ಕೈ ಅಲುಗಿಸದೆ ಕೂಡಲೇ ತಾಲ್ಲೂಕು ಆಸ್ಪತ್ರೆಗೆ ಕರೆದೊಯ್ಯಿರಿ. ಮೀನಿನ ಬೆನ್ನಮುಳ್ಳು ಚುಚ್ಚಿದ್ದಾದರೆ ಸೋಪು ನೀರಿನಲ್ಲಿ ತೊಳೆದು ಧನುರ್ವಾಯುವಿನ ಚುಚ್ಚುಮದ್ದು ಹಾಕಿಸಿಕೊಳ್ಳಿ.

ಇಲಿಗಳ ಮೂತ್ರ ಬೆರೆತ ಗದ್ದೆ ನೀರಿನಿಂದ ಬರುವ ಇಲಿಜ್ವರವೂ ಮಳೆಗಾಲದ್ದೇ. ಅಂಗಾಲಿನ ಬಿರುಕು, ಕೈಗಾಯಗಳೇ ಅದಕ್ಕೆ ದಾರಿ. ಕೆಸರಿಗಿಳಿದ ಒಂದೆರಡು ವಾರದಲ್ಲಿ ಜ್ವರ ಬಂದು, ಮೀನಖಂಡ ಮುಟ್ಟಲಾರದಷ್ಟು ನೋಯುತ್ತಿದ್ದರೆ, ಕಣ್ಣು ಕೆಂಪಾಗಿದ್ದರೆ ಮನೆಮದ್ದಿನಲ್ಲಿ ದಿನ ಕಳೆಯಬೇಡಿ. ವೈದ್ಯರು ಕೇಳದಿದ್ದರೂ ಗದ್ದೆಗೋ ಹಳ್ಳಕ್ಕೋ ಇಳಿದಿದ್ದ ವಿಷಯವನ್ನು ನೀವಾಗಿಯೇ ಹೇಳಿ.