ದೂರದ ವಿಮಾನಯಾನ ಮತ್ತು ದೇಹದ ಕಾಲಮಾನ

ಮಗಳ ಬಾಣಂತನಕ್ಕೆಂದೋ ಮೊಮ್ಮಕ್ಕಳನ್ನು ಕಾಣಲೆಂದೋ ಅಮೆರಿಕಕ್ಕೆ ತೆರಳುವ ಹಿರಿಯರು ಇಂದು ನಮ್ಮ ಭಕ್ತವೃಂದದಲ್ಲಿಯೂ ಇದ್ದಾರೆ. ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೊ ನಗರಕ್ಕೆ ಆಕಾಶಮಾರ್ಗದ ದೂರ ಸುಮಾರು 14,000 ಕಿಲೋಮೀಟರ್. ನೇರ ಹಾರಾಟವಾದರೆ 16ರಿಂದ 17 ಗಂಟೆ ಬೇಕು. ನಡುವೆ ವಿಮಾನ ಬದಲಿಸುವುದಾದರೆ ಪ್ರಯಾಣ 20 ಗಂಟೆಯನ್ನೂ ಮೀರುತ್ತದೆ.

ಚಳಿಗಾಲದಲ್ಲಿ ಆ ನಗರದ ಗಡಿಯಾರವು ನಮ್ಮದಕ್ಕಿಂತ ಹದಿಮೂರೂವರೆ ಗಂಟೆ ಹಿಂದಿರುತ್ತದೆ. ಬೇಸಿಗೆಯಲ್ಲಿ ಹನ್ನೆರಡೂವರೆ ಗಂಟೆ. ಚಳಿಗಾಲದಲ್ಲಿ ಮಧ್ಯಾಹ್ನ ಎರಡಕ್ಕೆ ಹೊರಟು ಹದಿನಾರೂವರೆ ಗಂಟೆ ಹಾರಿದವರು ಅಲ್ಲಿ ಇಳಿಯುವಾಗ ಅದೇ ದಿನದ ಸಂಜೆ ಐದು. ಗಡಿಯಾರಕ್ಕೆ ಕಳೆದದ್ದು ಮೂರೇ ಗಂಟೆ. ದೇಹವಾದರೋ ಇಡೀ ರಾತ್ರಿಯನ್ನು ಕಳೆದಿರುತ್ತದೆ.

ಈ ಅಂತರವನ್ನು ಮರೆತರೆ ಔಷಧಿಯ ಕ್ರಮ ತಪ್ಪುತ್ತದೆ. ಇಲ್ಲಿ ಬೆಳಗ್ಗೆ ಎಂಟಕ್ಕೆ ರಕ್ತದೊತ್ತಡದ ಮಾತ್ರೆ ನುಂಗಿದವರು, 'ಇಂದಿನದು ಆಯಿತು' ಎಂದು ಅಲ್ಲಿನ ಮರುದಿನದ ಎಂಟು ಗಂಟೆಯವರೆಗೆ ಕಾದರೆ, ನಡುವಿನ ಅವಧಿ ಮೂವತ್ತೇಳೂವರೆ ಗಂಟೆಯಾಗುತ್ತದೆ. ಮಧುಮೇಹಿಗಳಿಗೆ ಇದು ಇನ್ನೂ ಅಪಾಯಕರ. ಇನ್ಸುಲಿನ್ ತಪ್ಪಿದರೆ ಸಕ್ಕರೆ ಏರುತ್ತದೆ. ಎರಡು ಹೊತ್ತಿನದು ಹತ್ತಿರ ಹತ್ತಿರ ಬಿದ್ದರೆ ಅಪಾಯದ ಮಟ್ಟಕ್ಕೆ ಇಳಿಯಬಹುದು. ಆದುದರಿಂದ ಹೊರಡುವ ಮೊದಲೇ ವೈದ್ಯರಿಂದ ಗಂಟೆಗಳ ಲೆಕ್ಕದಲ್ಲಿ ಔಷಧಿಯ ಪಟ್ಟಿಯನ್ನು ಬರೆಸಿಕೊಳ್ಳಬೇಕು. ಔಷಧಿಯೂ ವೈದ್ಯರ ಚೀಟಿಯೂ ಕೈಚೀಲದಲ್ಲಿಯೇ ಇರಲಿ. ಸರಕಿನ ಕೋಣೆಯ ಶೀತದಲ್ಲಿ ಇನ್ಸುಲಿನ್ ಹೆಪ್ಪುಗಟ್ಟಿ ಕೆಡಬಹುದು.

ಎರಡನೆಯ ಆತಂಕ ಕಾಲುಗಳದು. ನಾಲ್ಕು ಗಂಟೆಗೂ ಮೀರಿ ಅಲುಗಾಡದೆ ಕುಳಿತರೆ ಕಾಲಿನ ಆಳದ ರಕ್ತನಾಳಗಳಲ್ಲಿ ರಕ್ತ ಹೆಪ್ಪುಗಟ್ಟುವ ಸಂಭವ ಹೆಚ್ಚುತ್ತದೆ. ಆ ಹೆಪ್ಪು ಕಳಚಿಕೊಂಡು ಶ್ವಾಸಕೋಶವನ್ನು ಸೇರಿದರೆ ಪ್ರಾಣಕ್ಕೇ ಸಂಚಕಾರ. ಆಗಾಗ ಎದ್ದು ನಾಲ್ಕು ಹೆಜ್ಜೆ ನಡೆಯಬೇಕು. ಕುಳಿತಲ್ಲಿಯೇ ಪಾದಗಳನ್ನು ಮೇಲೆ ಕೆಳಗೆ ಆಡಿಸಬೇಕು. ವಿಮಾನದೊಳಗಿನ ಗಾಳಿ ಬಲು ಒಣಗಿರುವುದರಿಂದ ಆಗಾಗ ನೀರು ಕುಡಿಯಬೇಕು. ಶೌಚಾಲಯಕ್ಕೆ ಹೋಗುವ ಸಂಕೋಚದಿಂದ ನೀರು ಬಿಡುವುದು ಸಲ್ಲದು. ಹಿಂದೆ ಹೆಪ್ಪುಗಟ್ಟಿದ್ದವರು, ಇತ್ತೀಚೆಗೆ ಶಸ್ತ್ರಚಿಕಿತ್ಸೆಯಾದವರು ವೈದ್ಯರನ್ನು ಕೇಳಿಯೇ ಹೊರಡಬೇಕು. ಪ್ರಯಾಣದ ನಂತರದ ವಾರಗಳಲ್ಲಿ ಒಂದೇ ಕಾಲು ಊದಿ ನೋಯುವುದು, ಹಠಾತ್ತನೆ ಉಸಿರು ಕಟ್ಟುವುದು, ಎದೆನೋವು ಇವು ಕಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ನಿದ್ರೆಯ ಲಯವು ದಿನಕ್ಕೆ ಸುಮಾರು ಒಂದು ಗಂಟೆಯಷ್ಟೇ ಸರಿಯುತ್ತದೆ. ಹೀಗಾಗಿ ಮೊದಲ ವಾರದಲ್ಲಿ ನಡುರಾತ್ರಿ ಎಚ್ಚರವಾದರೆ ಗಾಬರಿ ಬೇಡ. ಹಗಲು ಬೆಳಕಿನಲ್ಲಿ ಅಡ್ಡಾಡುವುದು, ಇಷ್ಟಲಿಂಗಪೂಜೆ ಹಾಗೂ ಪ್ರಸಾದವನ್ನು ಅಲ್ಲಿನ ಹೊತ್ತಿಗೇ ನಿಯಮಿಸಿಕೊಳ್ಳುವುದು, ಇವು ದೇಹವನ್ನು ಹೊಸ ಲಯಕ್ಕೆ ತರಲು ನೆರವಾಗುತ್ತವೆ.

ದೇಹವನ್ನು ಲಿಂಗದ ಆಲಯವೆಂದು ಕಾಣುವವರು ನಾವು. ದೂರವನ್ನು ವಿಮಾನ ದಾಟಿಸುತ್ತದೆ. ಆಲಯವನ್ನು ಕಾಯುವ ಹೊಣೆ ಮಾತ್ರ ನಮ್ಮದೇ.