ಫೋಮ್ ಹಾಳೆ ಆಮೇಲೆ, ಅಳತೆ ಟೇಪು ಮೊದಲು

ಅಪಾರ್ಟ್‌ಮೆಂಟಿನ ಪಾರ್ಕಿಂಗ್‌ನಲ್ಲಿ ಕಾರಿನ ಬಾಗಿಲು ಗೋಡೆಗೋ ಕಂಬಕ್ಕೋ ತಾಗಿ ಅಂಚಿನ ಬಣ್ಣ ಎದ್ದುಬಂದರೆ ಮೊದಲು ಬೈಗುಳ ತಿನ್ನುವವರು ಕಾರಿನಿಂದ ಇಳಿದವರು. ಮರುದಿನ ಅಂಗಡಿಯಿಂದ ಫೋಮ್ ಹಾಳೆ ಬಂದು ಗೋಡೆಗೆ ಅಂಟುತ್ತದೆ, ಬಾಗಿಲಂಚಿಗೆ ರಬ್ಬರ್ ಪಟ್ಟಿ ಕೂರುತ್ತದೆ, ಅಲ್ಲಿಗೆ ವಿಷಯ ಮುಗಿದಂತೆ. ಗೋಡೆ ಅಷ್ಟು ಹತ್ತಿರ ಬಂದದ್ದು ಹೇಗೆ ಎಂಬ ಪ್ರಶ್ನೆ ಏಳುವುದೇ ಇಲ್ಲ. ಕಾರು ನಿಲ್ಲಿಸುವ ಜಾಗಕ್ಕೆ ಮಂಜೂರಾದ ನಕ್ಷೆಯಲ್ಲಿ ಒಂದು ಅಗಲವಿದೆ. ಆ ಅಗಲ ಸಿಕ್ಕಿದ್ದರೆ ಬಾಗಿಲಿನ ಗೀರು ನಮ್ಮ ಜಾಗ್ರತೆಗೆ ಬಿಟ್ಟದ್ದು, ಫೋಮ್ ಹಾಳೆಯೇ ಅದಕ್ಕೆ ಮದ್ದು. ಸಿಕ್ಕಿಲ್ಲದಿದ್ದರೆ ಅದು ಬಿಲ್ಡರ್ ಕೊಡಬೇಕಾದದ್ದನ್ನು ಕೊಡದ ಪ್ರಕರಣ, ಅದಕ್ಕೆ ಕಾನೂನಿನಲ್ಲಿ ಪರಿಹಾರವಿದೆ. ಇವೆರಡರಲ್ಲಿ ನಿಮ್ಮದು ಯಾವುದು ಎಂದು ತಿಳಿಯಲು ಬೇಕಾಗುವುದು ಒಂದು ಅಳತೆ ಟೇಪು ಮತ್ತು ನಕ್ಷೆಯ ಪ್ರತಿ.

ಲೆಕ್ಕವನ್ನೇ ನೋಡೋಣ. ನಮ್ಮ ಕಟ್ಟಡ ನಿಯಮಗಳಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವ ಕಾರಿನ ಜಾಗ ಎರಡೂವರೆ ಮೀಟರ್ ಅಗಲ, ಐದೂವರೆ ಮೀಟರ್ ಉದ್ದದ್ದು. ಆ ಕಾಲದ ಮಾರುತಿ 800 ಕಾರಿನ ಅಗಲ 1,440 ಮಿಲಿಮೀಟರ್. ಇಂದಿನ ಸ್ವಿಫ್ಟ್ 1,735, ಕ್ರೆಟಾ 1,790, ಇನ್ನೋವಾ ಕ್ರಿಸ್ಟಾ 1,830, ಅದೂ ಪಕ್ಕದ ಕನ್ನಡಿಗಳನ್ನು ಬಿಟ್ಟು. 2,500 ಮಿಲಿಮೀಟರ್ ಜಾಗದಲ್ಲಿ ಕ್ರೆಟಾ ನಿಂತರೆ ಉಳಿಯುವುದು 710. ಪಕ್ಕದಲ್ಲಿ ಕೂತವರನ್ನು ಮೊದಲೇ ಇಳಿಸಿ, ಎಡಗಡೆ ಗೋಡೆಗೆ ನಾಲ್ಕು ಇಂಚು ಬಿಟ್ಟು ನಿಲ್ಲಿಸಿದರೆ ಚಾಲಕನ ಕಡೆ ಸುಮಾರು ಎರಡು ಅಡಿ ಸಿಗುತ್ತದೆ. ದೊಡ್ಡವರೊಬ್ಬರು ಮೈ ಓರೆ ಮಾಡಿ ಇಳಿಯಲು ಅಷ್ಟು ಸಾಕು. ಇದೇ ಜಾಗದೊಳಗೆ 300 ಮಿಲಿಮೀಟರಿನ ಕಂಬವೊಂದು ಬಾಗಿಲು ತೆರೆಯುವ ಕಡೆಯೇ ಚಾಚಿಕೊಂಡಿದ್ದರೆ ಎರಡೂ ಬದಿಗೆ ಸೇರಿ ಉಳಿಯುವುದು 410. ಆಗ ಎಂಥ ಜಾಗ್ರತೆಯವರು ಇಳಿದರೂ ಬಾಗಿಲು ತಾಗಿಯೇ ತಾಗುತ್ತದೆ. ಒಂದಿಂಚು ದಪ್ಪದ ಫೋಮ್ ಹಚ್ಚಿದರೆ ಇದ್ದ ಜಾಗದಲ್ಲೂ ಒಂದಿಂಚು ಹೋಯಿತು. ಬಾಗಿಲು ತೆರೆಯಲು ಜಾಗ ಬೇಕೆಂಬುದು ಐಷಾರಾಮದ ಬೇಡಿಕೆಯೂ ಅಲ್ಲ. ಅಂಗವಿಕಲರ ಪ್ರವೇಶಕ್ಕೆ ಸಂಬಂಧಿಸಿದ ಕೇಂದ್ರದ ಮಾರ್ಗಸೂಚಿಗಳು ಅವರ ಕಾರಿಗೆ 3.6 ಮೀಟರ್ ಅಗಲ ಕೇಳುವುದು ಬಾಗಿಲು ಪೂರ್ತಿ ತೆರೆದು ಗಾಲಿಕುರ್ಚಿ ಪಕ್ಕಕ್ಕೆ ಬರಬೇಕೆಂಬ ಕಾರಣಕ್ಕೆ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯ 44ನೇ ಕಲಂ ಇಂಥ ಪ್ರವೇಶ ನಿಯಮಗಳ ಪಾಲನೆಯನ್ನು ನಕ್ಷೆ ಮಂಜೂರಾತಿಗೇ ಜೋಡಿಸಿದೆ.

ದಾಖಲೆಯಲ್ಲಿ ಈ ಅಗಲ ಎಲ್ಲಿ ಕೂತಿದೆ ಎಂದು ಹುಡುಕಿದರೆ ಬೇಸರದ ಸಂಗತಿಯೊಂದು ಕಣ್ಣಿಗೆ ಬೀಳುತ್ತದೆ. ರಿಯಲ್ ಎಸ್ಟೇಟ್ (ನಿಯಂತ್ರಣ ಮತ್ತು ಅಭಿವೃದ್ಧಿ) ಕಾಯ್ದೆ, ಅಂದರೆ ರೇರಾದ ಅಡಿ ಕರ್ನಾಟಕ 2017ರಲ್ಲಿ ಮಾಡಿದ ನಿಯಮಗಳ ಜೊತೆ ಮಾರಾಟದ ಮಾದರಿ ಕರಾರು ಇದೆ. ಅದರಲ್ಲಿ ಗ್ಯಾರೇಜ್ ಅಥವಾ ಮುಚ್ಚಿದ ಪಾರ್ಕಿಂಗ್‌ನ ಸಂಖ್ಯೆ, ಅದು ಎಷ್ಟು ಚದರಡಿ, ಎಲ್ಲಿದೆ ಎಂದು ತುಂಬಲು ಖಾಲಿ ಜಾಗ ಬಿಟ್ಟಿದ್ದಾರೆ. ಇಲ್ಲಿ ಸಂಖ್ಯೆ ಮಾತ್ರ ಬರೆದು ಚದರಡಿಯನ್ನು ಖಾಲಿ ಬಿಡುವ ಕರಾರಿಗೆ ಸಹಿ ಹಾಕಬೇಡಿ. ಚದರಡಿ ಬರೆದಿದ್ದರೂ ಸಾಲದು. ಎರಡೂವರೆ ಮೀಟರ್ ಅಗಲ, ಐದೂವರೆ ಮೀಟರ್ ಉದ್ದದ ಜಾಗ 13.75 ಚದರ ಮೀಟರ್, ಅಂದರೆ ಸುಮಾರು 148 ಚದರಡಿ. 2.2 ಮೀಟರ್ ಅಗಲ, 6.25 ಮೀಟರ್ ಉದ್ದದ ಜಾಗವೂ ಅಷ್ಟೇ ಚದರಡಿ. ಮೊದಲನೆಯದರಲ್ಲಿ ಇಳಿಯಬಹುದು, ಎರಡನೆಯದರಲ್ಲಿ ಕಾರಿನೊಳಗೇ ಕೂತಿರಬೇಕು. ಆದ್ದರಿಂದ ಉದ್ದ, ಅಗಲ ಎರಡನ್ನೂ ಗಾರೆ ಮಾಡಿದ ಗೋಡೆಯ ಮುಖದಿಂದ ಮುಖಕ್ಕೆ ಅಳೆದದ್ದೆಂದು ಸ್ಪಷ್ಟವಾಗಿ ಬರೆಸಿಕೊಳ್ಳಬೇಕು, ಪಾರ್ಕಿಂಗ್ ನಕ್ಷೆಯನ್ನು ಕರಾರಿಗೆ ಲಗತ್ತಿಸಲು ಕೇಳಬೇಕು. ನಕ್ಷೆಯಲ್ಲಿ ಕಂಬದ ಮಧ್ಯದಿಂದ ಮಧ್ಯಕ್ಕೆ ಅಳತೆ ಕೊಟ್ಟಿದ್ದರೆ ಕಂಬದ ದಪ್ಪ ನಿಮ್ಮ ಜಾಗದಿಂದಲೇ ಕಳೆಯುತ್ತದೆ. ಬುಕಿಂಗ್ ಹೊತ್ತಿಗೇ ಮಂಜೂರಾದ ನಕ್ಷೆ ತೋರಿಸುವುದು ರೇರಾ 11ನೇ ಕಲಮಿನ ಪ್ರಕಾರ ಬಿಲ್ಡರ್ ಕರ್ತವ್ಯ, ಅದನ್ನು ಪಡೆಯುವುದು 19ನೇ ಕಲಮಿನ ಪ್ರಕಾರ ಖರೀದಿದಾರರ ಹಕ್ಕು. ನೋಂದಾಯಿತ ಯೋಜನೆಯಾದರೆ ಕರ್ನಾಟಕ ರೇರಾದ ಜಾಲತಾಣದಲ್ಲೂ ನಕ್ಷೆ ಹುಡುಕಬಹುದು. ಹಳೆಯ ಕಟ್ಟಡವಾದರೆ ಪಾಲಿಕೆಗೆ ಹತ್ತು ರೂಪಾಯಿ ಶುಲ್ಕದೊಂದಿಗೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ. 30 ದಿನದೊಳಗೆ ಉತ್ತರ ಕೊಡಬೇಕು.

ಅಳತೆ ಕಡಿಮೆ ಬಂದಾಗ ಬಿಲ್ಡರ್ ಕಡೆಯಿಂದ ಬರುವ ಉತ್ತರ ಸಾಮಾನ್ಯವಾಗಿ ಒಂದೇ: ಎಂಜಿನಿಯರ್ ಹೇಳಿದ್ದಕ್ಕೆ ಕಂಬ ಅಲ್ಲಿಗೆ ಬಂತು, ಕಟ್ಟಡದ ಭದ್ರತೆಯ ಪ್ರಶ್ನೆ. ಇದನ್ನು ಸುಮ್ಮನೆ ತಳ್ಳಿಹಾಕುವಂತಿಲ್ಲ, ಏಕೆಂದರೆ ರೇರಾ 14ನೇ ಕಲಂ ರಚನೆಯ ಕಾರಣಕ್ಕೆ ಸಣ್ಣಪುಟ್ಟ ಬದಲಾವಣೆಗೆ ಅವಕಾಶ ಕೊಟ್ಟಿದೆ. ಆದರೆ ಆ ಅವಕಾಶಕ್ಕೆ ಎರಡು ಕಟ್ಟುಗಳಿವೆ. ಅಧಿಕೃತ ವಾಸ್ತುಶಿಲ್ಪಿ ಅಥವಾ ಎಂಜಿನಿಯರ್ ಅದನ್ನು ಶಿಫಾರಸು ಮಾಡಿ ಪರಿಶೀಲಿಸಿರಬೇಕು, ಖರೀದಿದಾರರಿಗೆ ಮೊದಲೇ ತಿಳಿಸಿರಬೇಕು. ಅದಕ್ಕಿಂತ ಮುಖ್ಯವಾದದ್ದು ಅದೇ ಕಲಮಿನ ವಿವರಣೆ: ಗೋಡೆ, ಕಂಬ, ತೊಲೆಗಳನ್ನು ಕಟ್ಟುವುದು, ತೆಗೆಯುವುದು, ಕತ್ತರಿಸುವುದು ‘ಸಣ್ಣ ಬದಲಾವಣೆ’ಯ ಲೆಕ್ಕಕ್ಕೇ ಬರುವುದಿಲ್ಲ. ಸಾಮಾನ್ಯ ಪ್ರದೇಶಗಳಲ್ಲಿ ಅಂಥ ಬದಲಾವಣೆಗೆ ಮೂರನೇ ಎರಡರಷ್ಟು ಖರೀದಿದಾರರ ಲಿಖಿತ ಒಪ್ಪಿಗೆ ಬೇಕು. ನಕ್ಷೆಯಲ್ಲಿಲ್ಲದ ಕಂಬ ಪಾರ್ಕಿಂಗ್‌ನಲ್ಲಿ ಎದ್ದಿದ್ದರೆ ಒಪ್ಪಿಗೆಯ ಕಾಗದ ತೋರಿಸಿ ಎಂದು ಕೇಳುವುದು ಖರೀದಿದಾರರ ಹಕ್ಕು. ಕಂಬವನ್ನು ಒಡೆಸಲು ಯಾರಿಂದಲೂ ಆಗದು, ಯಾವ ಪ್ರಾಧಿಕಾರವೂ ಹಾಗೆ ಆದೇಶಿಸುವುದೂ ಸಂಭವವಿಲ್ಲ. ಕೇಳಬೇಕಾದದ್ದು ಬೇರೆ ಜಾಗ, ಇಲ್ಲವೇ 18ನೇ ಕಲಮಿನ ಮೂರನೇ ಉಪಕಲಮಿನಡಿ ಪರಿಹಾರ.

ಇನ್ನೊಂದು ಆಕ್ಷೇಪಣೆಗೆ ಹೆಚ್ಚು ತೂಕವಿದೆ. ಜಾಗ ನೋಡಿಯೇ ಸಹಿ ಹಾಕಿದಿರಿ, ಆಮೇಲೆ ದೊಡ್ಡ ಕಾರು ತಂದಿರಿ, ಈಗ ಗೋಡೆಯನ್ನು ದೂರಿದರೆ ಹೇಗೆ? ಜಾಗ ನಕ್ಷೆಯ ಅಳತೆಗೆ ಸರಿಯಿದ್ದರೆ ಈ ಆಕ್ಷೇಪಣೆಗೆ ಉತ್ತರವಿಲ್ಲ, ಇರಬೇಕಾಗಿಯೂ ಇಲ್ಲ. ನಾವು ಕೊಂಡ ಕಾರಿನ ಅಗಲಕ್ಕೆ ಬಿಲ್ಡರ್ ಹೊಣೆಯಲ್ಲ. ಜಾಗವೇ ನಕ್ಷೆಗಿಂತ ಕಡಿಮೆಯಿದ್ದರೆ ಮಾತು ಬೇರೆ, ಏಕೆಂದರೆ ಮಂಜೂರಾದ ನಕ್ಷೆಯಂತೆ ಕಟ್ಟುವ ಹೊಣೆಯನ್ನು ಕಾಯ್ದೆಯೇ ಹೊರಿಸಿದೆ. ನಾವು ಕಣ್ಣಾರೆ ನೋಡಿದ್ದೆವು ಎಂಬ ಕಾರಣಕ್ಕೆ ಆ ಹೊಣೆ ಕರಗುವುದಿಲ್ಲ. ಸ್ವಾಧೀನ ಪತ್ರಕ್ಕೆ ಸಹಿ ಹಾಕುವ ದಿನವೇ ಮುಂದೆ, ಹಿಂದೆ, ಬಾಗಿಲು ತೆರೆಯುವ ಕಡೆ, ಮೂರೂ ಕಡೆ ಟೇಪು ಹಿಡಿದು ಅಂಕಿ ಕಾಣುವಂತೆ ಫೋಟೊ ತೆಗೆದಿಡಿ. ಗೋಡೆಯುದ್ದಕ್ಕೆ ಇಳಿದ ನೀರಿನ ಕೊಳವೆಗಳನ್ನೂ ಅಳತೆಗೆ ಸೇರಿಸಿ, ಬಾಗಿಲು ಮೊದಲು ತಾಗುವುದು ಬಹಳ ಸಲ ಅವುಗಳಿಗೇ. ಕೊರತೆಯಿದ್ದರೆ ಪತ್ರದಲ್ಲೇ ಆಕ್ಷೇಪ ಬರೆದು ಸಹಿ ಹಾಕಿ. ಸಾಲದ ಕಂತು, ಗೃಹಪ್ರವೇಶದ ಮುಹೂರ್ತ ಎರಡೂ ಬೆನ್ನಟ್ಟುವ ಹೊತ್ತಿನಲ್ಲಿ ಇದು ಯಾರಿಗೂ ನೆನಪಾಗುವುದಿಲ್ಲ ಎಂಬುದು ಬಿಲ್ಡರ್‌ಗೂ ಗೊತ್ತು.

ಜಾಗ ನಿಯಮಕ್ಕೆ ಸರಿಯಿದ್ದರೆ ಉಳಿಯುವುದು ಫೋಮ್ ಹಾಳೆ. ಆದರೆ ಅದನ್ನು ಹಚ್ಚುವ ಗೋಡೆ ಯಾರದು? ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆ, 1972 ಪಾರ್ಕಿಂಗ್ ಪ್ರದೇಶವನ್ನು ಸಾಮಾನ್ಯ ಪ್ರದೇಶಗಳ ಪಟ್ಟಿಯಲ್ಲಿ ಇಟ್ಟಿದೆ. ರೇರಾ ಕೂಡ ತೆರೆದ ಪಾರ್ಕಿಂಗ್ ಅನ್ನು ಸಾಮಾನ್ಯ ಪ್ರದೇಶ ಎನ್ನುತ್ತದೆ. ಅದು ಹೇಳುವ ‘ಗ್ಯಾರೇಜ್’ಗೆ ಸೂರು ಮತ್ತು ಮೂರು ಬದಿಗೆ ಗೋಡೆ ಇರಬೇಕು. 2010ರಲ್ಲಿ ನಹಾಲ್‌ಚಂದ್ ಲಾಲೂಚಂದ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಮಹಾರಾಷ್ಟ್ರದ ಕಾನೂನಿನ ಅಡಿಯಲ್ಲಿ, ಕಂಬಗಳ ಮೇಲೆ ನಿಂತ ಕಟ್ಟಡದ ಕೆಳಗಿನ ಪಾರ್ಕಿಂಗ್ ಗ್ಯಾರೇಜ್ ಅಲ್ಲ, ಅದನ್ನು ಬಿಲ್ಡರ್ ಪ್ರತ್ಯೇಕವಾಗಿ ಮಾರುವಂತಿಲ್ಲ ಎಂದಿತು. ನಮ್ಮ ಬೇಸ್‌ಮೆಂಟುಗಳಲ್ಲೂ ಬಹುತೇಕ ನಿಮಗಿರುವುದು ಕಾರು ನಿಲ್ಲಿಸುವ ಹಕ್ಕು, ಕಂಬದ ಮಾಲೀಕತ್ವವಲ್ಲ. ಅಂಟಿಸಿ ಕೀಳಬಹುದಾದ ಹಾಳೆಗೆ ಫ್ಲಾಟ್ ಮಾಲೀಕರ ಸಂಘಕ್ಕೆ ಒಂದು ಪತ್ರ ಬರೆದರೆ ಸಾಕಾದೀತು. ಡ್ರಿಲ್ ಹಿಡಿದು ಕಂಬಕ್ಕೆ ಬೋಲ್ಟ್ ಹಾಕಲು ಹೊರಟರೆ ಸಂಘದ ಲಿಖಿತ ಒಪ್ಪಿಗೆ ಇಲ್ಲದೆ ಮುಂದುವರಿಯಬಾರದು, ಒಳಗಿನ ಕಬ್ಬಿಣಕ್ಕೆ ಪೆಟ್ಟು ಬಿದ್ದರೆ ಅದು ಇಡೀ ಕಟ್ಟಡದ ತೊಂದರೆ. ಬೇಸ್‌ಮೆಂಟಿನಲ್ಲಿ ಬೇಗ ಹೊತ್ತಿಕೊಳ್ಳುವ ಫೋಮ್ ಬೇಡ ಎಂದು ಸಂಘ ಹೇಳಿದರೆ ಅದನ್ನು ಕಿರಿಕಿರಿ ಎನ್ನಲಾಗದು. ಬಾಡಿಗೆದಾರರಿಗೆ 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 108ನೇ ಕಲಂ ಆಸರೆ: ತಾವು ಕೂಡಿಸಿದ್ದನ್ನು ಮನೆ ಬಿಡುವ ಮೊದಲು ತೆಗೆದುಕೊಂಡು ಹೋಗಬಹುದು, ಗೋಡೆಯನ್ನು ಮೊದಲಿನ ಸ್ಥಿತಿಯಲ್ಲಿ ಬಿಟ್ಟರೆ ಆಯಿತು.

ವಿಮೆಯಿದೆಯಲ್ಲ ಎನ್ನುವವರು ಒಮ್ಮೆ ಲೆಕ್ಕ ಹಾಕಬೇಕು. ಸ್ವಂತ ಹಾನಿಯ ವಿಮೆಯಲ್ಲಿ 1,500 ಸಿಸಿವರೆಗಿನ ಕಾರಿಗೆ ಕಡ್ಡಾಯವಾಗಿ 1,000 ರೂಪಾಯಿ, ಅದಕ್ಕಿಂತ ದೊಡ್ಡದಕ್ಕೆ 2,000 ರೂಪಾಯಿ ಮಾಲೀಕರೇ ಭರಿಸಬೇಕು. ಕ್ಲೇಮು ಮಾಡದ ವರ್ಷಗಳಿಗೆ ಸಿಗುವ ರಿಯಾಯಿತಿ ಶೇ. 20ರಿಂದ ಶುರುವಾಗಿ ಶೇ. 50ಕ್ಕೆ ಮುಟ್ಟುತ್ತದೆ, ಒಂದು ಕ್ಲೇಮಿಗೆ ಅದು ಹೋಗುತ್ತದೆ. ಸ್ವಂತ ಹಾನಿಯ ಪ್ರೀಮಿಯಂ 10,000 ಇದ್ದು ಶೇ. 50 ರಿಯಾಯಿತಿ ಪಡೆಯುತ್ತಿದ್ದವರು ಬಾಗಿಲಿನ ಟಿಂಕರಿಂಗ್, ಪೇಂಟಿಂಗ್‌ಗೆಂದು 4,000 ಪಡೆದರೆ ಮರುವರ್ಷ 5,000 ಹೆಚ್ಚು ಕಟ್ಟುತ್ತಾರೆ. ಇನ್ನು ನಿಮ್ಮ ಬಾಗಿಲು ಪಕ್ಕದವರ ಕಾರಿಗೆ ತಾಗಿದರೆ ಪೊಲೀಸ್ ಠಾಣೆಯ ಮಾತು ತೆಗೆಯುವವರಿದ್ದಾರೆ. ಭಾರತೀಯ ನ್ಯಾಯ ಸಂಹಿತೆಯ 324ನೇ ಕಲಮಿನ ಅಪರಾಧಕ್ಕೆ ಹಾನಿ ಮಾಡುವ ಉದ್ದೇಶ ಅಥವಾ ಹಾನಿಯಾದೀತೆಂಬ ಅರಿವು ಇರಬೇಕು. ಕೈತಪ್ಪಿ ತಾಗಿದ ಬಾಗಿಲು ಅಲ್ಲಿಗೆ ಹೋಗುವ ವಿಷಯವಲ್ಲ, ರಿಪೇರಿ ಖರ್ಚು ಕೊಟ್ಟು ಮುಗಿಸುವ ವಿಷಯ.

ಬಿಲ್ಡರ್ ವಿರುದ್ಧ ಹೋಗಬೇಕಾದವರು ಮೊದಲು ಕೊರತೆಯನ್ನು ಅಂಕಿಯಲ್ಲಿ ಬರೆದು, ಫೋಟೊ ಮತ್ತು ನಕ್ಷೆಯ ಪುಟ ಲಗತ್ತಿಸಿ, ಜಂಟಿ ಅಳತೆಗೆ ದಿನ ಕೇಳಿ ನೋಂದಾಯಿತ ಅಂಚೆಯಲ್ಲಿ ಪತ್ರ ಕಳಿಸಲಿ. ಉತ್ತರ ಬಾರದಿದ್ದರೆ ರೇರಾ 31ನೇ ಕಲಮಿನಡಿ ದೂರು ಕೊಡಬಹುದು. ಗ್ರಾಹಕ ಆಯೋಗದ ಬಾಗಿಲೂ ತೆರೆದೇ ಇದೆ, ಎರಡು ದಾರಿಗಳೂ ಒಟ್ಟಿಗಿವೆ ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಇಂಪೀರಿಯಾ ಸ್ಟ್ರಕ್ಚರ್ಸ್ ಪ್ರಕರಣದಲ್ಲಿ ಹೇಳಿದೆ. 500 ಚದರ ಮೀಟರ್ ಮೀರದ ನಿವೇಶನದ ಅಥವಾ ಎಂಟು ಫ್ಲಾಟು ಮೀರದ ಯೋಜನೆಗೆ ರೇರಾ ನೋಂದಣಿ ಬೇಕಿಲ್ಲದ್ದರಿಂದ ಅಂಥವರಿಗೆ ಆಯೋಗವೇ ಸೂಕ್ತ. ಅಲ್ಲಿ ವ್ಯಾಪ್ತಿ ನಿಗದಿಯಾಗುವುದು ಕೇಳುವ ಪರಿಹಾರದಿಂದಲ್ಲ, ಕೊಟ್ಟ ಬೆಲೆಯಿಂದ: 50 ಲಕ್ಷದವರೆಗೆ ಜಿಲ್ಲಾ ಆಯೋಗ, 2 ಕೋಟಿವರೆಗೆ ರಾಜ್ಯ ಆಯೋಗ. ಹೀಗಾಗಿ ಪಾರ್ಕಿಂಗ್‌ನ ಒಂದು ಅಡಿಗಾಗಿ ದೂರಿದರೂ 60 ಲಕ್ಷದ ಫ್ಲಾಟಿನವರು ರಾಜ್ಯ ಆಯೋಗದ ಮೆಟ್ಟಿಲು ಹತ್ತಬೇಕಾದೀತು. ವಕೀಲರು ಕಡ್ಡಾಯವಲ್ಲ, ದೂರನ್ನು ಆನ್‌ಲೈನಿನಲ್ಲೂ ಸಲ್ಲಿಸಬಹುದು. ಕಾಲಮಿತಿ ಮಾತ್ರ ಎರಡು ವರ್ಷ. ಕಿರಿದಾದ ಜಾಗವನ್ನು ಒಪ್ಪಿಸಿದ ದಿನದಿಂದಲೇ ಅದು ಶುರುವಾಯಿತೆಂದು ಎದುರಾಳಿ ವಾದಿಸುವುದು ಖಚಿತ, ಆದ್ದರಿಂದ ಸ್ವಾಧೀನ ಪತ್ರದ ಮೇಲಿನ ತಾರೀಖನ್ನೇ ಲೆಕ್ಕಕ್ಕೆ ಹಿಡಿಯಿರಿ. ತಡವಾಗಿದ್ದರೆ ಕಾರಣ ವಿವರಿಸಿ ಮನ್ನಾ ಕೋರುವ ಅರ್ಜಿಯನ್ನು ದೂರಿನ ಜೊತೆಗೇ ಹಾಕಬೇಕು.